ಬೂದಿಗುಡ್ಡ ಮತ್ತು ಹದಿನೈದು ನಿಮಿಷದ ಮಳೆ

ಬೆಂಕಿ ಇನ್ನೂ ಪೂರ್ತಿ ಆರಿರಲಿಲ್ಲ. ಅಷ್ಟರಲ್ಲೇ ಗುಡ್ಡ ಊರೊಳಗೆ ನುಗ್ಗಿಬಿಟ್ಟಿತು!

2018ರ ಜನವರಿ 9. ಕ್ಯಾಲಿಫೋರ್ನಿಯಾದ ಮಾಂಟೆಸಿಟೊ. ಬೆನ್ನಿಗೆ ಸಾಂತಾ ಯಿನೆಜ್ ಬೆಟ್ಟಸಾಲು, ಎದುರಿಗೆ ಪೆಸಿಫಿಕ್ ಸಾಗರ, ನಡುವೆ ಸಿರಿವಂತರ ತೋಟದ ಮನೆಗಳು. ಹಿಂದಿನ ತಿಂಗಳಷ್ಟೇ ‘ಥಾಮಸ್’ ಎಂಬ ಹೆಸರಿನ ಕಾಳ್ಗಿಚ್ಚು ಸುಮಾರು 1,140 ಚದರ ಕಿಲೋಮೀಟರ್ ನೆಲವನ್ನು ಸುಟ್ಟು ಆ ಬೆಟ್ಟಗಳನ್ನು ಬೋಳು ಮಾಡಿತ್ತು. ಅವತ್ತು ಬೆಳಕು ಹರಿಯುವ ಮೊದಲೇ ಮಳೆ ಹನಿಯಿತು. ಹನಿಯಿತೇನು, ರಾಚಿತು! ಐದು ನಿಮಿಷಕ್ಕೆ ಸುಮಾರು 13 ಮಿಲಿಮೀಟರ್. ಅಷ್ಟು ಸಾಕಾಯಿತು. 6,80,000 ಘನ ಮೀಟರ್ ಮಣ್ಣು ಮತ್ತು ಕಲ್ಲು ಕಣಿವೆಗಳಿಂದ ಇಳಿದು ಬಂತು. ಅದರಲ್ಲಿ ಆರು ಮೀಟರಿಗಿಂತ ದೊಡ್ಡ ಬಂಡೆಗಳೂ ಇದ್ದವು. 23 ಜನ ಸತ್ತರು, 408 ಮನೆಗಳು ಜಖಂಗೊಂಡವು.

ಇದಕ್ಕೆ ‘ಡೆಬ್ರಿಸ್ ಫ್ಲೋ’ ಎನ್ನುತ್ತಾರೆ. ನಮಗೆ ಭೂಕುಸಿತ ಗೊತ್ತು. ಅದೇ ವರ್ಷ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಮರೆಯುವುದುಂಟೇ? ಅಲ್ಲಿ ದಿನಗಟ್ಟಲೆ ಮಳೆ ಸುರಿದು, ನೀರು ನೆಲದ ಒಳಗಿಳಿದು, ಮಣ್ಣು ಹಿಡಿತ ತಪ್ಪಿತ್ತು. ಮಾಂಟೆಸಿಟೊದ ಕತೆ ಪೂರ್ತಿ ತಿರುಗಾಮುರುಗಾ. ನೀರು ನೆಲದೊಳಗೆ ಇಳಿಯಲಿಲ್ಲ ಎಂಬುದೇ ಅಲ್ಲಿನ ಗಂಡಾಂತರ!

ಆ ಬೆಟ್ಟಗಳ ಮೇಲೆ ಬೆಳೆಯುವುದು ‘ಚಾಪರಾಲ್’ ಎಂಬ ಕುರುಚಲು ಕಾಡು. ಅದರ ಎಲೆ, ತರಗುಗಳಲ್ಲಿ ಮೇಣದಂಥ ಅಂಶವಿದೆ. ಬೆಂಕಿ ಬಿದ್ದಾಗ ಅದು ಆವಿಯಾಗಿ ಒಂದಿಷ್ಟು ಗಾಳಿಗೆ ಹೋಗುತ್ತದೆ, ಇನ್ನೊಂದಿಷ್ಟು ಮಣ್ಣಿನೊಳಕ್ಕೆ ಇಳಿದು, ಕೆಳಗಿನ ತಂಪು ಕಣಗಳಿಗೆ ಮೆತ್ತಿಕೊಳ್ಳುತ್ತದೆ. ಸುಟ್ಟ ಜಾಗಕ್ಕೆ ಹೋಗುವ ಪರಿಣತರು ಇದನ್ನು ಪತ್ತೆ ಹಚ್ಚುವ ಬಗೆ ಎಷ್ಟು ಸರಳ ನೋಡಿ. ಮೊಣಕಾಲೂರಿ, ಮೇಲಿನ ಬೂದಿಯನ್ನು ಮೆಲ್ಲನೆ ಕೆರೆದು, ಒಂದು ಹನಿ ನೀರು ಬಿಟ್ಟು ಗಡಿಯಾರ ನೋಡುತ್ತಾರೆ. ಒಂದು, ಎರಡು, ಮೂರು... ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿ ಗುಂಡಗೆ ಕೂತೇ ಇರುತ್ತದೆ! ಐದು ಸೆಕೆಂಡ್ ದಾಟಿಯೂ ಇಂಗದಿದ್ದರೆ ಆ ಮಣ್ಣು ನೀರನ್ನು ಒಲ್ಲೆ ಎನ್ನುತ್ತಿದೆ ಎಂದೇ ಲೆಕ್ಕ.

ಇನ್ನೂ ವಿಚಿತ್ರವಾದದ್ದು ಮಳೆ ಬರುವ ಮೊದಲೇ ನಡೆಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಪೊದೆಗಳ ಬುಡಕ್ಕೆ ಆತು ನಿಂತಿದ್ದ ಮರಳು, ಜಲ್ಲಿ, ಪೊದೆ ಸುಟ್ಟೊಡನೆ ತಾನಾಗಿ ಜಾರತೊಡಗುತ್ತವೆ. ಒಂದು ಹನಿ ಮಳೆಯೂ ಇಲ್ಲದೆ ಸರಸರನೆ ಇಳಿದು ಹಳ್ಳಗಳ ಪಾತ್ರದಲ್ಲಿ ತುಂಬಿಕೊಳ್ಳುತ್ತವೆ. ಮದ್ದು ತುಂಬಿ ಆಯಿತು, ಇನ್ನು ಕಿಡಿಯೊಂದೇ ಬಾಕಿ. ಕಿಡಿ ಅಂದರೆ ಮಳೆ! ಇಂಗದ ನೀರು ಹಳ್ಳಕ್ಕೆ ಧುಮುಕಿ, ಕೂಡಿಟ್ಟ ಸರಕನ್ನೆಲ್ಲ ಎಬ್ಬಿಸಿ ಹೊರಡಿಸುತ್ತದೆ. ಮುಳುಗಬೇಕಾದ ದೊಡ್ಡ ಬಂಡೆಗಳು ಮೇಲೆದ್ದು, ಪ್ರವಾಹದ ಮೂತಿಗೇ ಬಂದು ಸೇರುತ್ತವೆ. ಮಾಂಟೆಸಿಟೊದಲ್ಲಿ ಇದರ ವೇಗ ಸೆಕೆಂಡಿಗೆ ನಾಲ್ಕು ಮೀಟರಿನವರೆಗೆ ಇತ್ತು. ಓಡಿ ಪಾರಾಗಬಹುದಲ್ಲ ಅನಿಸುತ್ತದೆ, ಕಾಗದದ ಮೇಲೆ. ಕತ್ತಲಲ್ಲಿ, ಹಾಸಿಗೆಯಿಂದೆದ್ದವನಿಗೆ?

ಹಾಗಾದರೆ ಇದನ್ನು ಮೊದಲೇ ಹೇಳಬಹುದೇ? ನಾನು ಬೆರಗಾದದ್ದು ಇಲ್ಲೇ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, ಬಳಸುವ ಲೆಕ್ಕಕ್ಕೆ ನೆಲದ ಬಗ್ಗೆ ಮೂರೇ ಸಂಗತಿ ಸಾಕು. ಹಳ್ಳದ ಜಲಾನಯನದಲ್ಲಿ 23 ಡಿಗ್ರಿಗಿಂತ ಕಡಿದಾದ, ಚೆನ್ನಾಗಿ ಸುಟ್ಟ ನೆಲ ಎಷ್ಟು ಪಾಲು? ಸರಾಸರಿ ಎಷ್ಟು ಜೋರಾಗಿ ಸುಟ್ಟಿದೆ? ಮಣ್ಣು ಎಷ್ಟು ಸುಲಭವಾಗಿ ಕೊಚ್ಚಿಹೋಗುವಂಥದ್ದು? ಸುಟ್ಟ ಪ್ರಮಾಣವನ್ನು ಹೇಳುವುದು ಉಪಗ್ರಹ. ಹಸಿರೆಲೆ ಅವಕೆಂಪು ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ, ಸುಟ್ಟ ನೆಲ ಕಳಿಸುವುದಿಲ್ಲ. ಬೆಂಕಿಯ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಗಾಯದ ಆಳ ಕಾಣುತ್ತದೆ.

ಈ ಮೂರನ್ನೂ ಮಳೆಯಿಂದ ಗುಣಿಸುತ್ತಾರೆ. ಯಾವ ಮಳೆ? ದಿನದ್ದಲ್ಲ, ರಾತ್ರಿಯದ್ದೂ ಅಲ್ಲ. ಹದಿನೈದೇ ನಿಮಿಷದ್ದು! ಅದಕ್ಕೆ ಮುಂಚೆ ಎಷ್ಟು ಸುರಿದಿತ್ತು ಎಂದು ಸೂತ್ರ ಕೇಳುವುದೇ ಇಲ್ಲ. ನಕ್ಷೆಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 24 ಮಿ.ಮೀ. ಎಂದು ಹಿಡಿಯುತ್ತಾರೆ. ಅಂದರೆ ಕಾಲು ಗಂಟೆಗೆ ಬರೀ 6 ಮಿ.ಮೀ. ನಮ್ಮ ಮಲೆನಾಡಿನಲ್ಲಿ ಅದನ್ನು ಯಾರೂ ಮಳೆ ಎಂದು ಗಣಿಸಲಿಕ್ಕಿಲ್ಲ. ಆದರೆ ಸುಟ್ಟ ಇಳಿಜಾರಿಗೆ ಅದೇ ಹೆಚ್ಚು.

ಆದರೆ ಈ ಲೆಕ್ಕ ಕಣಿವೆಯ ಬಾಯಿಗೆ ಬಂದು ತಡವರಿಸುತ್ತದೆ. ಯಾವ ಹಳ್ಳದಲ್ಲಿ ಪ್ರವಾಹ ಏಳಬಹುದು, ಎಷ್ಟು ಮಣ್ಣು ಬರಬಹುದು ಎಂದು ಹೇಳಬಲ್ಲದು. ಊರೊಳಗೆ ಅದು ಯಾವ ಬೀದಿ ಹಿಡಿಯುತ್ತದೆ ಎಂಬುದು ಬಲು ಕಷ್ಟದ ಮಾತು. ಮಾಂಟೆಸಿಟೊದ ಸೇತುವೆಗಳ ಕೆಳಗೆ ಬಂಡೆ, ಮರ ಸಿಕ್ಕಿಕೊಂಡು, ಕೆಸರು ಹಳ್ಳ ಬಿಟ್ಟು ಮನೆಗಳತ್ತ ತಿರುಗಿತ್ತು. ರಾಜ್ಯ ಹೆದ್ದಾರಿ 192ರ ಮೇಲಿನವರು ಖಾಲಿ ಮಾಡಲೇಬೇಕು, ಕೆಳಗಿನವರು ಬೇಕಿದ್ದರೆ ಮಾಡಬಹುದು ಎಂದು ಆಡಳಿತ ಹೇಳಿತ್ತು. ಕೆಸರು ಆ ರಸ್ತೆಗೆ ನಿಲ್ಲಲಿಲ್ಲ, ಕೆಳಗೂ ಜೀವ ತೆಗೆಯಿತು. ಅಸಲಿಗೆ ಸುಳಿವು ಊರಿನ ತೋಟಗಳಲ್ಲೇ ಇತ್ತು. ಅಲ್ಲಿನ ಚೆಂದದ ಮರಳುಗಲ್ಲಿನ ಕಾಂಪೌಂಡು ಗೋಡೆಗಳು, ಹುಲ್ಲುಹಾಸಿನ ನಡುವಿನ ಗುಂಡುಗಳು ಹಳೆಯ ಪ್ರವಾಹಗಳು ತಂದು ಹಾಕಿದ ಕಲ್ಲುಗಳೇ!

ಆಮೇಲೆ ಕಣಿವೆಗಳಿಗೆ ಅಡ್ಡ ಉಕ್ಕಿನ ಬಲೆ ಕಟ್ಟಿದರು, ಕೆಸರು ತಡೆಯುವ ಹೊಸ ಹೊಂಡ ತೋಡಿದರು. 2023ರಲ್ಲಿ, ಅದೇ ಜನವರಿ 9ರಂದು, ಮತ್ತೆ ಜೋರು ಮಳೆ ಬಂದಾಗ ಯಾವ ಗೆರೆಯನ್ನೂ ಎಳೆಯದೆ ಇಡೀ ಮಾಂಟೆಸಿಟೊ ಖಾಲಿ ಮಾಡಿ ಎಂದರು.

ನಿಮ್ಮ ಮಗನೋ ಮಗಳೋ ಕ್ಯಾಲಿಫೋರ್ನಿಯಾದ ಬೆಟ್ಟದ ಬುಡದಲ್ಲಿ ಮನೆ ಮಾಡಿದ್ದರೆ ಈ ಮಾತು ದಾಟಿಸಿ: ಮೇಲಿನ ಕಾಡು ಸುಟ್ಟರೆ, ಮುಂದಿನ ಒಂದೆರಡು ಮಳೆಗಾಲ ಹುಷಾರು. ಯುಎಸ್‌ಜಿಎಸ್ ನಕ್ಷೆಗಳು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತಿವೆ. ಮನೆ ಬಿಡಿ ಎಂದು ಹೇಳಿದಾಗ, ಆಕಾಶ ನೋಡುತ್ತ ನಿಲ್ಲದೆ ಹೊರಡಲಿ.