ಬೇಡದೆ ಬಂದ ಬತ್ತಾಸು

ಸಾಯಂಕಾಲ ಮನೆಗೆ ಹಿಂದಿರುಗುವ ತಂದೆಯ ಮುಖವನ್ನು ಮಗುವು ಮೊದಲು ನೋಡುವುದೋ, ಕೈಯನ್ನು ಮೊದಲು ನೋಡುವುದೋ? ಮಕ್ಕಳಿರುವ ಮನೆಯ ವಾಚಕರಿಗೆ ಇದರ ಉತ್ತರವನ್ನು ನಾವು ಹೇಳಬೇಕಾದುದಿಲ್ಲ. ಕೈಯಲ್ಲೊಂದು ಕಾಗದದ ಪೊಟ್ಟಣವಿದ್ದರೆ ಸಾಕು, ಬಾಗಿಲಿನಿಂದ ನಡುಮನೆಯವರೆಗೂ ಹಬ್ಬವೇ ಸರಿ. ಇದನ್ನು ಆಶೆಬುರುಕತನವೆಂದು ಹಳಿಯುವವರುಂಟು. ನಮಗೆ ಹಾಗೆ ತೋರುವುದಿಲ್ಲ. ತಾನು ಕಣ್ಣೆದುರಿಗಿಲ್ಲದಾಗಲೂ ಅಪ್ಪನಿಗೆ ತನ್ನ ನೆನಪಿತ್ತು ಎಂಬುದಕ್ಕೆ ಆ ಪೊಟ್ಟಣವೇ ಮಗುವಿಗೆ ಸಾಕ್ಷಿ. ತಿನಿಸಿನ ಸವಿಯು ನಾಲಿಗೆಯ ಮೇಲೆ ಕ್ಷಣಮಾತ್ರ ನಿಲ್ಲುವುದು. ಈ ಸಾಕ್ಷಿಯ ಸವಿಯಾದರೋ ಅರುವತ್ತು ವರ್ಷವಾದರೂ ಮಾಸದು.

ನಮ್ಮ ಅನುಭವವನ್ನೇ ಹೇಳುವೆವು. 1970ರ ಸುಮಾರಿನ ಮಾತು. ನಮ್ಮ ತಂದೆಯವರು ವಾರಕ್ಕೊಮ್ಮೆ ಎರಡು ಹರದಾರಿ ನಡೆದು ಸಂತೆಗೆ ಹೋಗುತ್ತಿದ್ದರು. ಹಿಂದಿರುಗಿದೊಡನೆ ಜಗುಲಿಯ ಮೇಲೆ ಕುಳಿತು, ಬೆವರನ್ನೊರಸಿಕೊಳ್ಳುತ್ತ, “ಮಗೂ, ಈ ಚೀಲವನ್ನು ಒಳಗಿಟ್ಟು ಬಾ” ಎನ್ನುತ್ತಿದ್ದರು, ಅಷ್ಟೇ. ಒಳಗೆ ಹೋಗಿ ಚೀಲವನ್ನು ಬರಿದುಮಾಡಿದರೆ, ಅವರೆಕಾಯಿಯ ಅಡಿಯಲ್ಲಿಯೋ ಸೊಪ್ಪಿನ ಕಟ್ಟಿನ ಮರೆಯಲ್ಲಿಯೋ ಒಂದು ಸಣ್ಣ ಪೊಟ್ಟಣ, ಅದರೊಳಗೆ ನಾಲ್ಕು ಬತ್ತಾಸು! ಓಡಿಬಂದು ನೋಡಿದರೆ, ತಂದೆಯವರು ಏನೂ ಅರಿಯದವರಂತೆ ರಸ್ತೆಯ ಕಡೆ ನೋಡುತ್ತಿರುವರು. ಕೆಲವು ವಾರ ಪೊಟ್ಟಣವು ಇರುತ್ತಿರಲಿಲ್ಲ. ಅದನ್ನು ಕುರಿತು ಅವರೂ ಏನೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಸಂತೆಯ ಹೋಟಲಿನಲ್ಲಿ ಒಂದು ಲೋಟ ಕಾಫಿಯನ್ನು ಬಿಟ್ಟ ದಿನವೇ ನಮಗೆ ಬತ್ತಾಸು ಬರುತ್ತಿದ್ದಿತೆಂಬುದನ್ನು, ಅವರು ಕಾಲವಾದ ಮೇಲೆ ನಮ್ಮ ತಾಯಿಯವರು ಹೇಳಿದರು.

ಕೂಸಿಗೆ ಅಲ್ಪವಾದುದೊಂದನ್ನು ಕೊಡಲಾರದ ತಂದೆಯ ಸಂಕಟವು ಎಷ್ಟೆಂಬುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಮಹಾಭಾರತದ ಆದಿಪರ್ವದಲ್ಲಿ, ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಬಾಲಕನಾದ ಅಶ್ವತ್ಥಾಮನು ಅಳುತ್ತಾನೆ. ದ್ರೋಣನು ಗೋವನ್ನರಸಿ ಊರೂರು ಅಲೆದರೂ ಅದು ದೊರೆಯುವುದಿಲ್ಲ. ಜೊತೆಯ ಹುಡುಗರು ನೀರಿಗೆ ಹಿಟ್ಟು ಕಲಸಿ ಕೊಡಲು, ಅದನ್ನೇ ಹಾಲೆಂದು ಕುಡಿದು ಆ ಮಗುವು ಕುಣಿದಾಡುತ್ತದೆ. ಶಸ್ತ್ರವಿದ್ಯೆಯಲ್ಲಿ ಎಣೆಯಿಲ್ಲದ ಆ ತಂದೆಗೆ ಆ ಕುಣಿತವನ್ನು ನೋಡಲಾಗಲಿಲ್ಲ. ಹಳೆಯ ಸ್ನೇಹವನ್ನು ನಂಬಿ ದ್ರುಪದನ ಬಳಿಗೆ ಹೋದನು, ಅವಮಾನಗೊಂಡನು. ಮುಂದಿನ ಮಹಾವೈರದ ಬೇರನ್ನು ಅಗೆಯುತ್ತ ಹೋದರೆ, ಅದರ ತುದಿಯಲ್ಲಿ ಒಂದು ಲೋಟ ಹಾಲು ಕಾಣುವುದು.

ಶೂದ್ರಕನ ಮೃಚ್ಛಕಟಿಕ ನಾಟಕಕ್ಕೆ ಹೆಸರು ಬಂದುದಾದರೂ ಒಂದು ಮಗುವಿನ ಆಟದ ಬಂಡಿಯಿಂದಲೇ. ನೆರೆಮನೆಯ ಮಗುವಿನ ಚಿನ್ನದ ಬಂಡಿಯನ್ನು ಕಂಡ ರೋಹಸೇನನಿಗೆ ಮಣ್ಣಿನ ಬಂಡಿಯು ಬೇಡವಾಯಿತು. ಅವನ ಅಳುವನ್ನು ಕಂಡು ಕರಗಿದ ವಸಂತಸೇನೆಯು ತನ್ನ ಒಡವೆಗಳನ್ನೆಲ್ಲ ತೆಗೆದು ಆ ಮಣ್ಣಿನ ಬಂಡಿಯಲ್ಲಿ ತುಂಬಿದಳು. ಅವಳ ಹೃದಯವು ದೊಡ್ಡದು. ಆದರೆ ಮುಂದೆ ಆ ಒಡವೆಗಳೇ ನ್ಯಾಯಸ್ಥಾನದಲ್ಲಿ ಚಾರುದತ್ತನಿಗೆ ವಿರುದ್ಧವಾದ ಸಾಕ್ಷ್ಯವಾದುವು. ಮಗುವಿನ ಕೈಗೆ ಕೊಡುವ ವಸ್ತುವು ಮನೆಯ ಅಳತೆಯನ್ನು ಮೀರಬಾರದೆಂಬ ನೀತಿಯನ್ನು ಗೃಹಸ್ಥರು ಇದರಿಂದ ಗ್ರಹಿಸಬಹುದು.

ಇಷ್ಟನ್ನು ಓದಿ, ಮೂವತ್ತು ವರ್ಷ ಪಾಠ ಹೇಳಿದ ನಾವೇ ತಪ್ಪಿದೆವೆಂಬುದನ್ನು ಮರೆಮಾಚದೆ ಹೇಳಬೇಕು. ನಮ್ಮ ಮಗನಿಗೆ ಆರು ವರ್ಷವಾಗಿದ್ದಾಗ ಅವನಿಗೆ ಸಂಸ್ಕೃತವನ್ನು ಕಲಿಸತೊಡಗಿದೆವು. ರಾಮ ಶಬ್ದವನ್ನು ತಪ್ಪಿಲ್ಲದೆ ಒಪ್ಪಿಸಿದರೆ ಒಂದು ಕಡಲೆಮಿಠಾಯಿ, ಹರಿ ಶಬ್ದಕ್ಕೆ ಎರಡು, ಹೀಗೆ ಕ್ರಮವನ್ನು ಏರ್ಪಡಿಸಿದೆವು. ಹುಡುಗನು ಬೇಗಬೇಗನೆ ಕಲಿತನು. ನಮ್ಮ ಉಪಾಯಕ್ಕೆ ನಾವೇ ಮೆಚ್ಚಿಕೊಂಡೆವು. ಒಂದು ಸಂಜೆ, ಯಾವ ಪಾಠದ ನೆವವೂ ಇಲ್ಲದೆ, ಸುಮ್ಮನೆ ಮನಸ್ಸು ಬಂದು ಅವನಿಗಾಗಿ ಜಿಲೇಬಿಯನ್ನು ಕೊಂಡು ತಂದೆವು. ಮಗುವು ಪೊಟ್ಟಣವನ್ನು ಬಿಚ್ಚಿತು, ತಿನ್ನಲಿಲ್ಲ. ನಮ್ಮ ಮುಖವನ್ನು ನೋಡಿ, “ಅಪ್ಪಾ, ಇದಕ್ಕೆ ಯಾವ ಶಬ್ದ ಹೇಳಬೇಕು?” ಎಂದು ಕೇಳಿತು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು, “ಮಗುವಿಗೆ ತಿಂಡಿ ತಂದಿರೋ, ಪರೀಕ್ಷೆ ತಂದಿರೋ?” ಎಂದು ಮೆಲ್ಲಗೆ ಅಂದರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ತಂದೆಯವರ ಬತ್ತಾಸಿಗೆ ಯಾವ ಬೆಲೆಯನ್ನೂ ನಾವು ತೆತ್ತಿರಲಿಲ್ಲ. ನಾವಾದರೋ ನಮ್ಮ ಮಗುವಿನ ಪಾಲಿಗೆ ತಂದೆಯಾಗದೆ ಅಂಗಡಿಯವರಾಗಿದ್ದೆವು.

ಕೆಲವು ಕಾಲದ ಮೇಲೆ ಓದಿದ ಒಂದು ಸಂಗತಿಯು ಈ ನೋವಿಗೆ ವ್ಯಾಖ್ಯಾನದಂತೆ ಕಂಡಿತು. ಅಮೆರಿಕ ದೇಶದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ಪರೀಕ್ಷಣವನ್ನು ಪ್ರಕಟಿಸಿದರು. ಚಿತ್ರ ಬರೆಯುವುದರಲ್ಲಿ ಸಹಜವಾಗಿಯೇ ಆಸಕ್ತಿಯುಳ್ಳ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ, ಚಿತ್ರ ಬರೆದರೆ ಬಹುಮಾನವುಂಟೆಂದು ಮುಂಚಿತವಾಗಿ ಹೇಳಿ ಕೊಟ್ಟರು. ಎರಡನೆಯದಕ್ಕೆ, ಏನೂ ಹೇಳದೆ, ಬರೆದಾದ ಮೇಲೆ ಅದೇ ಬಹುಮಾನವನ್ನು ಕೊಟ್ಟರು. ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರದ ಅನಂತರ ಮಕ್ಕಳನ್ನು ಅವರ ಇಚ್ಛೆಗೆ ಬಿಟ್ಟು ನೋಡಲಾಗಿ, ಮೊದಲನೆಯ ಗುಂಪಿನವರು ಉಳಿದವರ ಸುಮಾರು ಅರ್ಧದಷ್ಟು ಕಾಲವನ್ನು ಮಾತ್ರ ಚಿತ್ರದಲ್ಲಿ ಕಳೆದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿಯು ಕುಂದಿರಲಿಲ್ಲ. ಮೊದಲೇ ಗೊತ್ತುಮಾಡಿದ ಬಹುಮಾನವು ಕೂಲಿಯಾಗುವುದು. ಕೂಲಿಯು ನಿಂತರೆ ಕೆಲಸವೂ ನಿಲ್ಲುವುದು. ಹೇಳದೆ ಕೊಟ್ಟುದಕ್ಕೆ ಈ ದೋಷವಿಲ್ಲ.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿದು. ಕೊಡುವುದು ಅಲ್ಪವಾಗಿರಲಿ, ಅಪರೂಪವಾಗಿರಲಿ. ದಿನವೂ ಬಂದರೆ ಅದು ವಾಡಿಕೆಯಾಗುವುದು, ತಪ್ಪಿದ ದಿನ ಜಗಳವಾಗುವುದು. ಗದರಿಸಿದ ತಪ್ಪಿಗೆ ಪ್ರಾಯಶ್ಚಿತ್ತವಾಗಿಯೂ, ಹಟವನ್ನು ನಿಲ್ಲಿಸುವ ಲಂಚವಾಗಿಯೂ ಕೊಡತಕ್ಕದ್ದಲ್ಲ. ಮನೆಯಲ್ಲಿ ಮಕ್ಕಳು ಇಬ್ಬರಿದ್ದರೆ ಪಾಲೂ ಎರಡಿರಲಿ. ಎರಡು ವರ್ಷ ತುಂಬದ ಶಿಶುವಿಗೆ ಸಕ್ಕರೆಯ ತಿನಿಸು ಬೇಡವೆಂದು ವೈದ್ಯರು ಹೇಳುತ್ತಾರೆ. ಇಡಿಯ ಕಡಲೆಕಾಯಿಬೀಜವು ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲಾಗದು.

ತಿನಿಸೇ ಆಗಬೇಕೆಂಬ ನಿಯಮವೂ ಇಲ್ಲ. ಚನ್ನಪಟ್ಟಣದಲ್ಲಿ ಅರಗಿನ ಬಣ್ಣವೇರಿಸಿ ಕಡೆದ ಒಂದು ಬುಗುರಿ, ದಾರಿಯಲ್ಲಿ ಸಿಕ್ಕಿದ ಒಂದು ನವಿಲುಗರಿ, ಇವೂ ಆಗಬಹುದು. ಗೃಹಿಣಿಯರಿಗಂತೂ ಅಂಗಡಿಯ ಹಂಗೇ ಇಲ್ಲ. ಚಪಾತಿಯ ಹಿಟ್ಟಿನಲ್ಲಿ ಕೊನೆಗುಳಿದ ಚೂರಿನಿಂದ ಗುಬ್ಬಚ್ಚಿಯನ್ನು ಮಾಡಿ, ಮೆಣಸಿನ ಕಾಳನ್ನು ಕಣ್ಣಾಗಿಟ್ಟು, ಹೆಂಚಿನ ಮೇಲೆ ಸುಟ್ಟು ತಟ್ಟೆಯಲ್ಲಿಟ್ಟರೆ, ಮಗುವು ಅದನ್ನು ತಿನ್ನುವುದಕ್ಕೆ ಮುಂಚೆ ಹಾರಿಸಿ ನೋಡುವುದು. ಈಗ ಕೈಯೊಳಗಿನ ಯಂತ್ರವನ್ನು ಒತ್ತಿದರೆ ಬಯಸಿದ ತಿಂಡಿಯು ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬರುತ್ತದೆ. ಅದು ಅನುಕೂಲವೇ, ಆದರೆ ಅವರೆಕಾಯಿಯ ಕೆಳಗೆ ಬಚ್ಚಿಡುವ ಕೆಲಸವನ್ನು ತಂದೆಯೇ ಮಾಡಬೇಕು.

ಕಳೆದ ದಸರೆಯಲ್ಲಿ ಮಗನು ಸಂಸಾರಸಮೇತನಾಗಿ ಬಂದಿದ್ದನು. ನಾವು ಪೇಟೆಗೆ ಹೋಗಿ ಬಂದು, ಜಗುಲಿಯ ಮೇಲೆ ಕುಳಿತು, ಐದು ವರ್ಷದ ಮೊಮ್ಮಗನಿಗೆ, “ಈ ಚೀಲವನ್ನು ಒಳಗಿಟ್ಟು ಬಾರಪ್ಪ” ಎಂದೆವು. ಸ್ವಲ್ಪ ಹೊತ್ತಿನಲ್ಲಿಯೇ ಒಳಗಿನಿಂದ ಕೇಕೆ ಕೇಳಿಬಂದಿತು. ಓಡಿಬಂದ ಮಗುವು ಒಂದು ಬತ್ತಾಸನ್ನು ತನ್ನ ಬಾಯಿಗೂ, ಒಂದನ್ನು ನಮ್ಮ ಬಾಯಿಗೂ ತುರುಕಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗನು ನಕ್ಕು, “ಅಪ್ಪಾ, ಇವನು ಯಾವ ಶಬ್ದವನ್ನೂ ಹೇಳಲಿಲ್ಲವಲ್ಲ!” ಎಂದನು. ಅವನಿಗೆ ಅದು ನೆನಪಿದೆಯೆಂದು ನಮಗೆ ತಿಳಿದುದು ಅಂದೇ. ಮರುಮಾತು ತೋಚದೆ, ಪೊಟ್ಟಣದಿಂದ ಇನ್ನೊಂದು ಬತ್ತಾಸನ್ನು ತೆಗೆದು ಅವನ ಅಂಗೈಯಲ್ಲಿಟ್ಟೆವು. ಅವನು ಏನನ್ನೂ ಕೇಳದೆ ಬಾಯಿಗೆ ಹಾಕಿಕೊಂಡನು.