ಸತ್ತ ಮರಗಳ ಕಡಿತವೂ ಪರಿಸರ ಪರಿಶೀಲನೆಯೂ: ಅಮೆರಿಕದ ಸರಕಾರಿ ಅರಣ್ಯಗಳ ನಿಯಮಗಳನ್ನು ಕುರಿತು

ಕಾಡ್ಗಿಚ್ಚಿನಲ್ಲಿ ಬೆಂದ, ಬಿರುಗಾಳಿಗೆ ಉರುಳಿದ, ಇಲ್ಲವೆ ತೊಗಟೆಹುಳುವಿನಿಂದ ಸತ್ತ ಮರಗಳನ್ನು, ಅವುಗಳ ಚೌಬೀನೆ ಕೆಡುವುದಕ್ಕೆ ಮೊದಲೇ ಕಡಿದು ಮಾರುವ ಪದ್ಧತಿಗೆ ಇಂಗ್ಲಿಷಿನಲ್ಲಿ ‘ಸ್ಯಾಲ್ವೇಜ್ ಲಾಗಿಂಗ್’ ಎಂದು ಹೆಸರು. ‘ಸ್ಯಾಲ್ವೇಜ್’ ಎಂಬುದು ಮೂಲತಃ ಕಡಲ ವ್ಯಾಪಾರದ ಶಬ್ದ. ಅಪಾಯಕ್ಕೆ ಸಿಕ್ಕಿದ ಹಡಗಿನಿಂದ ಸರಕನ್ನು ಉಳಿಸಿ ತರುವುದಕ್ಕೆ ಸಂಬಂಧಿಸಿದುದು. ಅರಣ್ಯದ ಸಂದರ್ಭದಲ್ಲಿ ಈ ಹೆಸರು ಒಂದು ತೀರ್ಮಾನವನ್ನು ಮೊದಲೇ ತನ್ನೊಳಗೆ ಇಟ್ಟುಕೊಂಡಿದೆ. ಕಾಡು ಹಾಳಾಯಿತು, ಇನ್ನು ಉಳಿಸಬೇಕಾದುದು ಮರದ ಬೆಲೆಯೊಂದೇ ಎಂಬುದೇ ಆ ತೀರ್ಮಾನ. ಅಮೆರಿಕ ಸಂಯುಕ್ತ ಸಂಸ್ಥಾನದ ಸರಕಾರಿ ಅರಣ್ಯಗಳಲ್ಲಿ ಈ ಕಡಿತಕ್ಕೆ ಮುನ್ನ ಎಷ್ಟರಮಟ್ಟಿನ ಪರಿಶೀಲನೆ ನಡೆಯಬೇಕೆಂಬ ವಿವಾದವು ಹಲವು ದಶಕಗಳಿಂದ ನಡೆದುಬಂದಿದೆ. ಆ ನಿಯಮಗಳ ಸ್ವರೂಪವನ್ನು ಇಲ್ಲಿ ವಿಚಾರಮಾಡಿದೆ.

ವಿವಾದದ ಮೂಲ ಕಾಲದಲ್ಲಿದೆ. ಸತ್ತ ಪೈನ್ ಮರಕ್ಕೆ ಬಹುಬೇಗ ನೀಲಿಕಲೆಯ ಶಿಲೀಂಧ್ರ ತಗಲುತ್ತದೆ. ಹಿಂದೆಯೇ ಕೊರೆಹುಳು ಬರುತ್ತದೆ. ಒಣಗುತ್ತ ಹೋದಂತೆ ದಿಮ್ಮಿಯಲ್ಲಿ ಸೀಳು ಬಿಡುತ್ತದೆ. ಸಣ್ಣ ಮರಗಳ ಬೆಲೆ ಒಂದೆರಡು ವರ್ಷಗಳಲ್ಲಿಯೇ ಕುಗ್ಗುತ್ತದೆ. ದಪ್ಪ ಮರಗಳು ಸ್ವಲ್ಪ ಹೆಚ್ಚು ಕಾಲ ತಡೆಯುತ್ತವೆ. ಆದುದರಿಂದ ಕಡಿಯುವುದಾದರೆ ಬೇಗ ಕಡಿಯಬೇಕೆಂದು ಅರಣ್ಯಾಧಿಕಾರಿಗಳೂ ಗರಗಸದ ಕಾರ್ಖಾನೆಗಳವರೂ ಹೇಳುವುದು ನಿರಾಧಾರವಲ್ಲ. ಮಾರಾಟದ ಹಣದಿಂದ ಮರುನೆಡುವಿಕೆಗೆ ಅನುಕೂಲವಾಗುವುದೆಂಬುದೂ, ರಸ್ತೆಯ ಬದಿಯ ಸತ್ತ ಮರ ದಾರಿಹೋಕರ ಮೇಲೆ ಬೀಳಬಹುದೆಂಬುದೂ ನಿಜವೇ. ಆದರೆ ಸುಟ್ಟ ಕಾಡಿನೊಳಗೂ ಇನ್ನೊಂದು ಕಾಲಗಣನೆ ನಡೆದಿರುತ್ತದೆ. ಬೆಂಕಿಯ ಕಾವಿಗೆ ತೆರೆದುಕೊಂಡ ಕೆಲವು ಜಾತಿಯ ಪೈನ್ ಕಾಯಿಗಳು ಬೂದಿಯ ಮೇಲೆ ಬೀಜ ಚೆಲ್ಲುತ್ತವೆ. ಸತ್ತ ಮರದಲ್ಲಿ ಬೆಳೆಯುವ ಹುಳುಗಳನ್ನರಸಿ ಕಪ್ಪು ಬೆನ್ನಿನ ಮರಕುಟಿಗ ಬರುತ್ತದೆ. ಈ ಹಕ್ಕಿಗೆ ಹೊಸದಾಗಿ ಸುಟ್ಟ ಕಾಡೇ ಮೆಚ್ಚಿನ ನೆಲೆ. ನಿಂತ ಬೊಡ್ಡೆಗಳು ಎಳೆಯ ಸಸಿಗೆ ಅಷ್ಟಿಷ್ಟು ನೆರಳನ್ನೂ ಕೊಡುತ್ತವೆ.

1970ರ ಜನವರಿ 1ರಂದು ಅಧ್ಯಕ್ಷ ನಿಕ್ಸನ್ ಅವರ ಸಹಿ ಪಡೆದ ರಾಷ್ಟ್ರೀಯ ಪರಿಸರ ನೀತಿ ಶಾಸನವು ಈ ಎರಡು ಕಾಲಗಣನೆಗಳನ್ನು ಮುಖಾಮುಖಿಯಾಗಿ ನಿಲ್ಲಿಸಿತು. ಪರಿಸರದ ಮೇಲೆ ಗಣನೀಯ ಪರಿಣಾಮ ಬೀರುವ ಯಾವ ದೊಡ್ಡ ಕಾರ್ಯವನ್ನಾದರೂ ಒಕ್ಕೂಟ ಸರಕಾರ ಕೈಗೊಳ್ಳುವ ಮುನ್ನ ಸವಿಸ್ತಾರವಾದ ಪರಿಣಾಮ ವರದಿಯನ್ನು ಸಿದ್ಧಪಡಿಸಬೇಕು. ಪರಿಣಾಮ ಗಣನೀಯವೋ ಅಲ್ಲವೋ ಎಂಬ ಸಂದೇಹವಿದ್ದರೆ ಸಂಕ್ಷಿಪ್ತ ಪರಿಶೀಲನೆ ಸಾಕು. ಸಾಮಾನ್ಯವಾಗಿ ಗಣನೀಯ ಪರಿಣಾಮವಿಲ್ಲವೆಂದು ಮೊದಲೇ ಗೊತ್ತುಮಾಡಿದ ವರ್ಗದ ಕೆಲಸಗಳಿಗೆ ಎರಡೂ ಬೇಕಿಲ್ಲ. ಇದನ್ನು ವರ್ಗವಿನಾಯಿತಿ ಎನ್ನೋಣ. ಈ ಶಾಸನವು ಕಡಿಯಬೇಡವೆಂದು ಎಲ್ಲಿಯೂ ಹೇಳಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದು ವಿಧಿಸುವುದು ವಿಚಾರಣೆಯ ಕ್ರಮವನ್ನೇ ಹೊರತು ಇಂಥದೇ ಫಲಿತಾಂಶವನ್ನಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಮೆಥೋ ಕಣಿವೆಯ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು.

ಈ ಕ್ರಮವೇ ಭಾರವೆನಿಸಿದಾಗ ಅದನ್ನು ಬದಿಗಿರಿಸಿದ ಪ್ರಸಂಗವೂ ಉಂಟು. 1995ರ ಜುಲೈ ತಿಂಗಳಲ್ಲಿ ಆಯವ್ಯಯಕ್ಕೆ ಸಂಬಂಧಿಸಿದ ಮಸೂದೆಯೊಂದಕ್ಕೆ ಅಂಟಿಸಿದ ಉಪಬಂಧವು, ಸತ್ತ ಮರದ ಮಾರಾಟಗಳಿಗೆ ಇಲಾಖೆ ಸಿದ್ಧಪಡಿಸಿದ ಕಾಗದಪತ್ರಗಳೇ ಪರಿಸರ ಶಾಸನಗಳ ಅಗತ್ಯವನ್ನು ಪೂರೈಸಿದವೆಂದು ಭಾವಿಸತಕ್ಕದ್ದೆಂದು ಸಾರಿತು. 1996ರ ಕೊನೆಯವರೆಗೆ ಅದು ಜಾರಿಯಲ್ಲಿತ್ತು. ಬೆಂಕಿಗೋ ಹುಳುವಿಗೋ ಸದ್ಯದಲ್ಲೇ ತುತ್ತಾಗಬಹುದಾದ ಮರಗಳೂ ಅದರ ವ್ಯಾಖ್ಯೆಯೊಳಗೆ ಸೇರಿದ್ದುವು. ಸಾಯಬಹುದಾದ ಮರವೆಂದರೆ ಬದುಕಿರುವ ಮರವೇ ಅಲ್ಲವೆ? ಈ ವ್ಯಾಖ್ಯೆಯ ಹಿಗ್ಗುವಿಕೆಯು ಜನರಲ್ಲಿ ಹುಟ್ಟಿಸಿದ ಸಂಶಯ ಮುಂದೆ ಬಹುಕಾಲ ಉಳಿಯಿತು.

ಪೂರ್ಣ ಪರಿಶೀಲನೆ ನಡೆದರೆ ಏನಾಗುವುದೆಂಬುದಕ್ಕೆ ಬಿಸ್ಕಿಟ್ ಕಾಡ್ಗಿಚ್ಚು ಒಳ್ಳೆಯ ನಿದರ್ಶನ. 2002ರ ಜುಲೈನಲ್ಲಿ ಸಿಡಿಲಿನಿಂದ ಹೊತ್ತಿದ ಈ ಬೆಂಕಿಯು ಆರೆಗಾನ್ ಸಂಸ್ಥಾನದ ನೈರುತ್ಯ ಮೂಲೆಯಲ್ಲಿಯೂ ಕ್ಯಾಲಿಫೋರ್ನಿಯದ ಉತ್ತರ ಅಂಚಿನಲ್ಲಿಯೂ ಸುಮಾರು 5 ಲಕ್ಷ ಎಕರೆಗಳಲ್ಲಿ ಹರಡಿತು. ಪರಿಣಾಮ ವರದಿ ಮುಗಿದು ತೀರ್ಮಾನ ಹೊರಬಿದ್ದುದು 2004ರ ಜುಲೈನಲ್ಲಿ. ಸುಮಾರು 37 ಕೋಟಿ ಬೋರ್ಡ್ ಅಡಿ ಚೌಬೀನೆಯನ್ನು ಮಾರುವುದೆಂದು ನಿಶ್ಚಯವಾಯಿತು. (ಒಂದಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪದ ಹಲಗೆಯೇ ಒಂದು ಬೋರ್ಡ್ ಅಡಿ.) ಮೊಕದ್ದಮೆಗಳ ನಡುವೆ, ಮರ ಕೆಡುತ್ತಿರಲು, ವಾಸ್ತವವಾಗಿ ಹೊರಬಂದುದು ಅದರ ಅಲ್ಪಭಾಗ ಮಾತ್ರ.

ಅಲ್ಲಿಯೇ ಆರೆಗಾನ್ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕ ಡೇನಿಯಲ್ ಡೊನಾಟೊ ಮತ್ತು ಸಂಗಡಿಗರು ಸಸಿಗಳನ್ನು ಎಣಿಸಿದರು. ಬೆಂಕಿಯ ಅನಂತರ ಹೆಕ್ಟೇರಿಗೆ 767ರಷ್ಟಿದ್ದ ತಾನಾಗಿ ಹುಟ್ಟಿದ ಸಸಿಗಳ ಮಧ್ಯಾಂಕ, ಕಡಿತ ನಡೆದ ಎಡೆಗಳಲ್ಲಿ 224ಕ್ಕೆ, ಎಂದರೆ ಶೇಕಡಾ 71ರಷ್ಟು, ಇಳಿದಿತ್ತು. ನೆಲದ ಮೇಲೆ ಉಳಿದ ರೆಂಬೆಕೊಂಬೆಗಳಿಂದ ಉರುವಲೂ ಹೆಚ್ಚಿತ್ತು. 2006ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಪುಟ್ಟ ಲೇಖನವನ್ನು ಅಚ್ಚುಮಾಡದೆ ತಡೆಹಿಡಿಯಬೇಕೆಂದು ಅದೇ ವಿಶ್ವವಿದ್ಯಾನಿಲಯದ ಕೆಲವು ಪ್ರಾಧ್ಯಾಪಕರು ಸಂಪಾದಕರನ್ನು ಕೇಳಿದ್ದರು. ಸರಕಾರದ ಭೂನಿರ್ವಹಣಾ ಇಲಾಖೆಯು ಸಂಶೋಧನೆಯ ಧನಸಹಾಯವನ್ನು ಕೆಲಕಾಲ ನಿಲ್ಲಿಸಿ ಬಳಿಕ ಮತ್ತೆ ಕೊಟ್ಟಿತು. ವಿದ್ವತ್ತಿನ ಇತಿಹಾಸದಲ್ಲಿ ಇದು ಶೋಭೆ ತರುವ ಪ್ರಕರಣವಲ್ಲ. ಆದರೂ ವಿಮರ್ಶಕರ ಒಂದು ಮಾತನ್ನು ತಳ್ಳಿಹಾಕಲಾಗದು. ಸಸಿಗಳು ಮೊಳೆತ ಮೇಲೆ ದಿಮ್ಮಿಗಳನ್ನೆಳೆದುದರಿಂದ ಅವು ಸತ್ತುವು. ಬೆಂಕಿ ಆರಿದೊಡನೆ ಕಡಿದಿದ್ದರೆ ನಷ್ಟ ಕಡಿಮೆಯಾಗುತ್ತಿತ್ತು ಎಂದು ಅವರ ವಾದ. ಹಾಗಾದರೆ ತಡವೇ ಕಾಡಿಗೂ ಹಾನಿಯನ್ನುಂಟುಮಾಡಿತೆ? ಒಂದೇ ಎಣಿಕೆಯನ್ನು ಎರಡು ಪಕ್ಷದವರೂ ಸಾಕ್ಷಿಯಾಗಿ ಕರೆದುದು ಹೀಗೆ.

ನಿಯಮಕಾರರು ಈ ಕಾಲದ ಪ್ರಶ್ನೆಗೆ ಕೊಟ್ಟ ಉತ್ತರ ಮಾತ್ರ ವಿಸ್ತೀರ್ಣದ ರೂಪದ್ದು. 2003ರಲ್ಲಿ ಅರಣ್ಯ ಇಲಾಖೆಯು, 250 ಎಕರೆಗೆ ಮೀರದ, ಅರ್ಧ ಮೈಲಿಗಿಂತ ಹೆಚ್ಚು ತಾತ್ಕಾಲಿಕ ರಸ್ತೆ ಬೇಡದ ಸತ್ತ ಮರಗಳ ಕಡಿತಕ್ಕೆ ವರ್ಗವಿನಾಯಿತಿ ಕೊಟ್ಟಿತು. ವಿನಾಶದ ಅಂಚಿನಲ್ಲಿರುವ ಜೀವಿಗಳು, ಜೌಗು ನೆಲ, ರಸ್ತೆಯಿಲ್ಲದ ಕಾಡು ಮುಂತಾದ ಅಸಾಮಾನ್ಯ ಸಂದರ್ಭಗಳಿದ್ದಲ್ಲಿ ಪರಿಣಾಮದ ಪ್ರಮಾಣವನ್ನು ನೋಡಿ ಅಧಿಕಾರಿಯು ವಿನಾಯಿತಿಯನ್ನು ಕೈಬಿಡಬೇಕಾಗಬಹುದು. ಭೂನಿರ್ವಹಣಾ ಇಲಾಖೆಯು 2020ರ ಡಿಸೆಂಬರ್‌ನಲ್ಲಿ ತನ್ನ ಮಿತಿಯನ್ನು 250ರಿಂದ ಹೆಚ್ಚೆಂದರೆ 3,000 ಎಕರೆಗೆ ಏರಿಸಿತು. ಎಕರೆಯನ್ನು ಅಳೆಯುವುದು ಸುಲಭ. ಆದರೆ ಕಡಿದಾದ ಇಳುಕಲಿನ, ತೊರೆಯ ದಂಡೆಯ 200 ಎಕರೆ ಸಮತಟ್ಟಾದ ಗಟ್ಟಿ ನೆಲದ 1,000 ಎಕರೆಗಿಂತ ಹೆಚ್ಚು ಕೆಡಬಹುದೆಂಬುದು ಮಳೆಗಾಲವನ್ನು ಕಂಡ ಯಾರಿಗಾದರೂ ತಿಳಿದದ್ದೇ.

ಮಿತಿಯೊಂದಿದ್ದರೆ ಅದನ್ನು ಸುತ್ತಿಹೋಗುವ ದಾರಿಯೂ ಹುಟ್ಟುತ್ತದೆ. 2018ರ ರ‍್ಯಾಂಚ್ ಕಾಡ್ಗಿಚ್ಚಿನ ಅನಂತರ ಕ್ಯಾಲಿಫೋರ್ನಿಯದ ಮೆಂಡೊಸಿನೊ ಅರಣ್ಯದಲ್ಲಿ ರಸ್ತೆಯ ಎರಡು ಬದಿಗೂ 200 ಅಡಿಗಳವರೆಗಿನ ಮರಗಳ ಮಾರಾಟವನ್ನು ಇಲಾಖೆಯು ‘ರಸ್ತೆಯ ದುರಸ್ತಿ ಮತ್ತು ಪಾಲನೆ’ ಎಂಬ ಬೇರೊಂದು ವಿನಾಯಿತಿಯ ಕೆಳಗೆ ತಂದಿತು. 2020ರ ಆಗಸ್ಟ್‌ನಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಅಷ್ಟು ದೂರದ ಮರಗಳ ವ್ಯಾಪಕ ಕಡಿತವನ್ನು ದುರಸ್ತಿ ಎನ್ನುವುದು ಶಬ್ದಾರ್ಥಕ್ಕೆ ಮೀರಿದುದು.

ಈಚಿನ ವರ್ಷಗಳಲ್ಲಿ ಗಾಳಿ ಶೀಘ್ರತೆಯ ಕಡೆಗೇ ಬೀಸಿದೆ. 2021ರ ಮೂಲಸೌಕರ್ಯ ಶಾಸನವು ತುರ್ತು ಪರಿಸ್ಥಿತಿಯೆಂದು ಘೋಷಿತವಾದ ಅರಣ್ಯಗಳಲ್ಲಿ, ಸತ್ತ ಮರದ ಕಡಿತವೂ ಸೇರಿದಂತೆ ಹಲವು ಕೆಲಸಗಳನ್ನು ಇಲಾಖೆಯೊಳಗಿನ ಆಕ್ಷೇಪಣೆಯ ಹಂತದಿಂದ ಹೊರಗಿಟ್ಟಿತು. 2023ರ ತಿದ್ದುಪಡಿಯು ಪೂರ್ಣ ವರದಿಗೆ ಸಾಮಾನ್ಯವಾಗಿ 150 ಪುಟ ಮತ್ತು ಎರಡು ವರ್ಷ, ಸಂಕ್ಷಿಪ್ತ ಪರಿಶೀಲನೆಗೆ 75 ಪುಟ ಮತ್ತು ಒಂದು ವರ್ಷ ಎಂಬ ಗಡುವನ್ನು ಹಾಕಿತು. 2025ರ ಏಪ್ರಿಲ್‌ನಲ್ಲಿ ಕೃಷಿ ಕಾರ್ಯದರ್ಶಿಯವರು ಸುಮಾರು 11 ಕೋಟಿ 26 ಲಕ್ಷ ಎಕರೆಗಳನ್ನು ತುರ್ತು ಪರಿಸ್ಥಿತಿಯ ಪ್ರದೇಶವೆಂದು ಸಾರಿದರು. ಇದು ರಾಷ್ಟ್ರೀಯ ಅರಣ್ಯಗಳ ಅರ್ಧಕ್ಕಿಂತ ಹೆಚ್ಚು. 1978ರಿಂದ ಎಲ್ಲ ಇಲಾಖೆಗಳಿಗೂ ಸಮಾನವಾಗಿ ಅನ್ವಯಿಸುತ್ತಿದ್ದ ಪರಿಶೀಲನಾ ನಿಬಂಧನೆಗಳೂ ಅದೇ ತಿಂಗಳು ರದ್ದಾದುವು.

ಗಡುವು ಹಾಕುವುದರಲ್ಲಿ ತಪ್ಪೇನೂ ಇಲ್ಲ. ಬಿಸ್ಕಿಟ್ ಪ್ರಕರಣದ ಎರಡು ವರ್ಷಗಳು ಯಾರಿಗೂ ಹಿತವಾಗಲಿಲ್ಲ. ಆದರೆ ಆ ಗಡುವಿನೊಳಗೆ ಏನನ್ನು ನೋಡಬೇಕೆಂಬುದು ಪುಟಗಳ ಸಂಖ್ಯೆಗಿಂತ ಮುಖ್ಯವಾದುದು. ಇಳುಕಲು ಎಷ್ಟು, ತೊರೆ ಎಷ್ಟು ದೂರ, ಬೀಜ ಕೊಡುವ ಮರಗಳು ಸುತ್ತ ಉಳಿದಿವೆಯೆ, ದಿಮ್ಮಿಗಳನ್ನು ಹಿಮ ಹೆಪ್ಪುಗಟ್ಟಿದಾಗ ಎಳೆಯುವರೋ ಕೆಸರಿನಲ್ಲಿಯೋ, ಮೊದಲ ವಸಂತದಲ್ಲಿ ಎಷ್ಟು ಸಸಿ ತಲೆಯೆತ್ತಿವೆ, ಇವುಗಳ ಎಣಿಕೆಗೆ ವರ್ಷಗಳು ಬೇಕಿಲ್ಲ. ಒಂದು ಋತುವಿನ ತಿರುಗಾಟ ಸಾಕಾಗುತ್ತದೆ.