ಚಳಿಗಾಲದಲ್ಲಿ ಮನೆ ಬದಲಾವಣೆ: ಉಬ್ಬಸವಿರುವವರ ಗಮನಕ್ಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಅನೇಕರು ಧನುರ್ಮಾಸ ಹಿಡಿಯುವ ಮುಂಚೆ ಅವಸರದಲ್ಲಿ ಮನೆ ಬದಲಿಸುತ್ತಾರೆ, ಇಲ್ಲವೇ ಸಂಕ್ರಾಂತಿ ಕಳೆಯಲೆಂದು ಕಾಯುತ್ತಾರೆ. ಎರಡೂ ಚಳಿಯ ದಿನಗಳೇ. ಒಣ ಚಳಿಗಾಳಿಗೆ ಉಬ್ಬಸ ರೋಗಿಯ ಶ್ವಾಸನಾಳ ಬೇಗ ಬಿಗಿಯುತ್ತದೆ. ಅದರ ಮೇಲೆ ಅಟ್ಟದ ಸಾಮಾನಿನ ಧೂಳು, ಕೊಡವಿದ ಹಾಸಿಗೆ ಕಂಬಳಿ, ಹೊಸ ಬಣ್ಣದ ವಾಸನೆ, ಗೃಹಪ್ರವೇಶದ ಹೊಗೆ ಸೇರಿದರೆ ಅದೇ ರಾತ್ರಿ ಏದುಸಿರು ಬರಬಹುದು.

ಆದ್ದರಿಂದ ಸಾಮಾನು ಕಟ್ಟುವ, ಇಳಿಸುವ ದಿನ ಅವರನ್ನು ನೆಂಟರ ಮನೆಯಲ್ಲಿರಿಸಿ. ಅಜ್ಜಿ ಒಂದು ಮೂಲೆಯಲ್ಲಿ ಕೂತಿರಲಿ ಎಂದರೆ ಸಾಲದು, ಧೂಳು ಮೂಲೆಗೂ ಹೋಗುತ್ತದೆ. ಬಣ್ಣ ಬಳಿದ ಕೋಣೆಯ ಕಿಟಕಿಗಳನ್ನು ಹಗಲು ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆಯೇ ಅಲ್ಲಿ ಮಲಗಿಸಿ.

ಇನ್ಹೇಲರ್ ಮತ್ತು ವೈದ್ಯರ ಚೀಟಿ ಸಾಮಾನಿನ ಗಂಟಿನೊಳಗೆ ಸೇರಬಾರದು. ರೋಗಿಯ ಕೈಚೀಲದಲ್ಲೇ ಇರಬೇಕು. ದಿನವೂ ತೆಗೆದುಕೊಳ್ಳುವ ಔಷಧಿಯನ್ನು ಗಡಿಬಿಡಿಯಲ್ಲಿ ತಪ್ಪಿಸಬೇಡಿ.

ಇನ್ನೊಂದು ಮಾತು, ಇದು ಮನೆಮಂದಿಗೆಲ್ಲ. ಹೊಸ ಮನೆ ತಣ್ಣಗಿದೆಯೆಂದು ಬಾಗಿಲು ಮುಚ್ಚಿ, ಕೆಂಡವಿಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಇನ್ಹೇಲರ್ ಬಳಸಿದರೂ ಉಸಿರಾಟ ಸರಿಹೋಗದೆ, ಮಾತನಾಡಲೂ ಕಷ್ಟವಾದರೆ ಅಥವಾ ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.